ಅಮೆರಿಕದ ಅಗ್ನಿಶಾಮಕ ದಳದಲ್ಲಿ ಹೆಣ್ಣುಮಕ್ಕಳು: ಅರ್ಜಿಯಿಂದ ಕ್ಯಾಪ್ಟನ್ ಹುದ್ದೆಯವರೆಗೆ

ಅಮೆರಿಕದಲ್ಲಿ ಬೆಂಕಿ ಆರಿಸುವವರು ಹತ್ತು ಲಕ್ಷಕ್ಕೂ ಮಿಕ್ಕಿ ಇದ್ದಾರೆ. ಅವರಲ್ಲಿ ಮೂರರಲ್ಲಿ ಎರಡು ಪಾಲು ಸ್ವಯಂಸೇವಕರು, ಉಳಿದ ಸುಮಾರು ಮೂರೂವರೆ ಲಕ್ಷ ಜನ ಸಂಬಳದ ನೌಕರರು. 2020ರ ಲೆಕ್ಕದಲ್ಲಿ ಎಲ್ಲರನ್ನೂ ಸೇರಿಸಿದರೆ ಹೆಂಗಸರು ಶೇ 9ರಷ್ಟಿದ್ದರು. ಸಂಬಳದ ಹುದ್ದೆಗಳನ್ನಷ್ಟೇ ಎಣಿಸಿದರೆ ಅದು ಶೇ 5ರ ಆಸುಪಾಸಿಗೆ ಇಳಿಯುತ್ತದೆ. ವರ್ಜೀನಿಯಾದ ಆರ್ಲಿಂಗ್ಟನ್ ಕೌಂಟಿ, ಸಂಬಳದ ಮೊದಮೊದಲ ಹೆಣ್ಣು ಫೈರ್‌ಫೈಟರ್‌ಗಳಲ್ಲೊಬ್ಬರಾದ ಜೂಡಿತ್ ಲಿವರ್ಸ್ ಅವರನ್ನು ಕೆಲಸಕ್ಕೆ ತೆಗೆದುಕೊಂಡದ್ದು 1974ರಲ್ಲಿ. ಅಷ್ಟು ಹಳೆಯ ಆರಂಭಕ್ಕೆ ಇದು ತೀರಾ ಸಣ್ಣ ಫಲ.

ಹೆಂಗಸರು ಎಲ್ಲೆಲ್ಲಿ ಉದುರಿಹೋಗುತ್ತಾರೆ ಎಂಬುದು ಗುಟ್ಟೇನಲ್ಲ: ದೈಹಿಕ ಪರೀಕ್ಷೆ, ಮೈಗೆ ಹೊಂದದ ಉಡುಪು, ಪ್ರೊಬೇಷನ್ ವರ್ಷ, ಬಸಿರು-ಬಾಣಂತನ, ಕೊನೆಗೆ ಬಡ್ತಿ. ಈ ಐದೂ ಕಡೆ ಏನು ಬರುತ್ತದೆಂದು ಮೊದಲೇ ಗೊತ್ತಿದ್ದರೆ ಅರ್ಧ ಕೆಲಸ ಆದಂತೆಯೇ. ಅಲ್ಲಿ ಬೆಳೆದ ಕನ್ನಡದ ಹುಡುಗಿಯರು, ‘ಮಗಳು ಫೈರ್‌ಫೈಟರ್ ಆಗ್ತೀನಿ ಅಂತಾಳೆ, ಏನು ಮಾಡೋದು’ ಎನ್ನುವ ಅಪ್ಪ-ಅಮ್ಮಂದಿರು ಇಬ್ಬರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿ ಬರೆದಿದೆ. ನಮ್ಮ ರಾಜ್ಯದ ನೇಮಕಾತಿ ನಿಯಮಗಳೇ ಬೇರೆ, ಅವನ್ನು ಇದರೊಂದಿಗೆ ಬೆರೆಸಿಕೊಳ್ಳಬೇಡಿ.

ಹಂತ 1: ಅರ್ಜಿಗೆ ಮುಂಚೆ

ಕನಿಷ್ಠ ವಯಸ್ಸು ಬಹುತೇಕ ಊರುಗಳಲ್ಲಿ 18, ಕೆಲವು ಕಡೆ 21. ಹೈಸ್ಕೂಲು ಮುಗಿದಿರಬೇಕು, ಡ್ರೈವಿಂಗ್ ಲೈಸೆನ್ಸ್ ಇರಬೇಕು. ಕೆಲವು ದಳಗಳಲ್ಲಿ ಪೌರತ್ವ ಕಡ್ಡಾಯ, ಕೆಲವು ಕಡೆ ಗ್ರೀನ್ ಕಾರ್ಡ್ ಸಾಕು. ಅವಲಂಬಿತ ವೀಸಾದ ಮೇಲಿರುವವರು ಸದ್ಯಕ್ಕೆ ಇದರ ಆಸೆ ಇಟ್ಟುಕೊಳ್ಳದಿರುವುದೇ ಒಳ್ಳೆಯದು. ನೇಮಕಾತಿ ಪ್ರಕಟಣೆಯಲ್ಲಿ ಮೊದಲು ಓದಬೇಕಾದದ್ದು ಈ ಪೌರತ್ವದ ಸಾಲನ್ನೇ.

ಎಲ್ಲಕ್ಕಿಂತ ಮುಂಚೆ ಇಎಂಟಿ (ತುರ್ತು ವೈದ್ಯಕೀಯ ತಂತ್ರಜ್ಞ) ತರಬೇತಿ ಮುಗಿಸಿ. ಸಮುದಾಯ ಕಾಲೇಜಿನಲ್ಲಿ ಒಂದು ಸೆಮಿಸ್ಟರ್, ಸರಿಸುಮಾರು 150ರಿಂದ 190 ಗಂಟೆಗಳ ಪಾಠ ಮತ್ತು ಅಭ್ಯಾಸ, ಆಮೇಲೆ ರಾಷ್ಟ್ರೀಯ ಪರೀಕ್ಷೆ. ಬೆಂಕಿ ಆರಿಸುವ ಕೆಲಸಕ್ಕೆ ಪ್ರಥಮ ಚಿಕಿತ್ಸೆಯ ಓದು ಯಾಕೆ ಅನ್ನಬೇಡಿ. ಅಲ್ಲಿನ ದಳಗಳಿಗೆ ಬರುವ ಕರೆಗಳಲ್ಲಿ ಮೂರರಲ್ಲಿ ಎರಡರಷ್ಟು ವೈದ್ಯಕೀಯ ಕರೆಗಳೇ. ಎದೆನೋವು, ಜಾರಿಬಿದ್ದ ಅಜ್ಜಿ, ಉಸಿರು ಕಟ್ಟಿದ ಮಗು, ಇದೇ ದಿನನಿತ್ಯದ ಕೆಲಸ. ಅದಕ್ಕೂ ಮೇಲಿನ ಹಂತದ ಪ್ಯಾರಾಮೆಡಿಕ್ ಲೈಸೆನ್ಸ್ ಇದ್ದರಂತೂ ಹಲವು ಕಡೆ ಬೇರೆಯದೇ ಪಟ್ಟಿ, ಬೇಗ ಕರೆ.

ಹದಿನಾಲ್ಕು ದಾಟಿದ ಹುಡುಗಿಯರಿಗೆ ಅನೇಕ ಊರುಗಳಲ್ಲಿ ಎಕ್ಸ್‌ಪ್ಲೋರರ್ ಅಥವಾ ಕೆಡೆಟ್ ತಂಡಗಳಿವೆ. ಹೋಸು (ನೀರಿನ ಕೊಳವೆ) ಹಿಡಿಯುವುದು, ಏಣಿ ಎತ್ತುವುದು ಅಲ್ಲೇ ರೂಢಿಯಾಗುತ್ತದೆ. ದೊಡ್ಡವರು ‘ರೈಡ್ ಅಲಾಂಗ್’ ಕೇಳಬಹುದು, ಒಂದು ಪಾಳಿ ಲಾರಿಯಲ್ಲಿ ಜೊತೆಗೆ ಕೂತು ನೋಡುವ ಅವಕಾಶ ಅದು. ಅಲ್ಲಿ ಪಾಳಿಯೆಂದರೆ ಎಂಟು ಗಂಟೆಯಲ್ಲ: 24 ಗಂಟೆ ಕೆಲಸ, 48 ಗಂಟೆ ಬಿಡುವು ಎಂಬುದು ಸಾಮಾನ್ಯ ಕ್ರಮ, 48ಕ್ಕೆ 96 ಕೂಡ ಉಂಟು. ಮನೆಯವರು ಈ ಲೆಕ್ಕವನ್ನು ಮೊದಲೇ ಅರ್ಥ ಮಾಡಿಕೊಂಡರೆ ಮುಂದೆ ಜಗಳ ಕಡಿಮೆ.

ಲಿಖಿತ ಪರೀಕ್ಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಓದಿ ಅರ್ಥಮಾಡಿಕೊಳ್ಳುವುದು, ಸರಳ ಗಣಿತ, ಯಂತ್ರಗಳ ತಿಳಿವಳಿಕೆ, ಜನರೊಡನೆ ನಡೆದುಕೊಳ್ಳುವ ರೀತಿ, ಇಷ್ಟೇ. ಪಾಸಾಗುವುದು ಸುಲಭ, ಆದರೆ ಪಟ್ಟಿಯ ಮೇಲ್ತುದಿಗೆ ಬರದಿದ್ದರೆ ಪಾಸಾಗಿಯೂ ಪ್ರಯೋಜನವಿಲ್ಲ.

ಹಂತ 2: ದೈಹಿಕ ಸಾಮರ್ಥ್ಯದ ‘ಸಿಪ್ಯಾಟ್’ ಪರೀಕ್ಷೆಯನ್ನು ಬಿಡಿಸಿ ನೋಡಿ

1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್ ನಗರ ನಡೆಸಿದ ದೈಹಿಕ ಪರೀಕ್ಷೆಯಲ್ಲಿ ಒಬ್ಬ ಹೆಂಗಸೂ ಪಾಸಾಗಲಿಲ್ಲ. ಸೋತವರಲ್ಲೊಬ್ಬರಾದ ಬ್ರೆಂಡಾ ಬರ್ಕ್‌ಮನ್ ಕೋರ್ಟಿಗೆ ಹೋದರು. ಆ ಪರೀಕ್ಷೆ ಅಳೆಯುತ್ತಿದ್ದದ್ದಕ್ಕೂ ನಿಜವಾದ ಕೆಲಸಕ್ಕೂ ಸಂಬಂಧ ಸಾಬೀತಾಗಿಲ್ಲವೆಂದು 1982ರಲ್ಲಿ ತೀರ್ಪು ಬಂತು. ಹೊಸ ಪರೀಕ್ಷೆಯಲ್ಲಿ ಗೆದ್ದು ಅದೇ ವರ್ಷ ನಲವತ್ತರಷ್ಟು ಹೆಂಗಸರು ದಳ ಸೇರಿದರು. ನೌಕರರ ಸಂಘ ಮತ್ತು ದಳಗಳ ಮುಖ್ಯಸ್ಥರ ಸಂಘ ಕೂಡಿ ಸಿಪ್ಯಾಟ್ ರೂಪಿಸಿದ್ದು 1999ರಲ್ಲಿ. ಇವತ್ತು ಅಮೆರಿಕದ ಬಹಳಷ್ಟು ದಳಗಳು ಇದನ್ನೇ ಕೇಳುತ್ತವೆ.

ಎಂಟು ಕೆಲಸ, 10 ನಿಮಿಷ 20 ಸೆಕೆಂಡು, ಅಂಕಗಳಿಲ್ಲ. ಪಾಸು ಇಲ್ಲವೇ ಫೇಲು. ಮೈಮೇಲೆ 50 ಪೌಂಡಿನ (ಸುಮಾರು 23 ಕಿಲೋ) ಜಾಕೆಟ್ಟು ಕೊನೆಯವರೆಗೂ ಇರುತ್ತದೆ. ಉದ್ದ ಪ್ಯಾಂಟು, ಬೆರಳು ಮುಚ್ಚುವ ಬೂಟು ಕಡ್ಡಾಯ. ವಾಚು, ಬಳೆ, ಸರ, ಜೋತಾಡುವ ಓಲೆ ಎಲ್ಲ ಮನೆಯಲ್ಲೇ ಬಿಟ್ಟು ಬನ್ನಿ.

ಮೊದಲನೆಯದು ಮೆಟ್ಟಿಲು ಯಂತ್ರ, ಹೆಂಗಸರು ಅತಿ ಹೆಚ್ಚು ಸೋಲುವ ಜಾಗ. ಇಲ್ಲಿ ಭುಜಗಳ ಮೇಲೆ ಇನ್ನೂ 25 ಪೌಂಡು ಸೇರಿ ಒಟ್ಟು 75 ಪೌಂಡು, ಅಂದರೆ 34 ಕಿಲೋ. ಇಪ್ಪತ್ತು ಸೆಕೆಂಡು ಮೈ ಬೆಚ್ಚಗಾಗಿಸಲು, ಆಮೇಲೆ ನಿಮಿಷಕ್ಕೆ 60 ಮೆಟ್ಟಿಲಿನಂತೆ ಮೂರು ನಿಮಿಷ. ಹೊರೆ ಎಲ್ಲರಿಗೂ ಒಂದೇ. 90 ಕಿಲೋ ತೂಗುವ ಗಂಡಸಿಗೆ ಅದು ಮೈತೂಕದ ಶೇ 38, 55 ಕಿಲೋದ ಹುಡುಗಿಗೆ ಶೇ 62. ಹಾಗಾಗಿ ಓಟದಲ್ಲಿ ಎಷ್ಟೇ ದಮ್ಮಿದ್ದರೂ ಹೊರೆ ಹೊತ್ತು ಹತ್ತಿ ಅಭ್ಯಾಸವಿಲ್ಲದಿದ್ದರೆ ಎರಡನೇ ನಿಮಿಷಕ್ಕೆ ತೊಡೆ ಉರಿಯುತ್ತದೆ, ಕೈ ತಾನಾಗಿ ಕಂಬಿಗೆ ಹೋಗುತ್ತದೆ. ಕಂಬಿಯ ಮೇಲೆ ಭಾರ ಹಾಕಿದರೆ ಎರಡು ಸಲ ಎಚ್ಚರಿಕೆ, ಮೂರನೆಯದಕ್ಕೆ ಆಟ ಮುಗಿಯಿತು. ಕಣ್ಣು ನೇರ ಎದುರಿನ ಗೋಡೆಯ ಮೇಲಿರಲಿ, ಪೂರ್ತಿ ಪಾದ ಮೆಟ್ಟಿಲ ಮೇಲೆ ಬೀಳಲಿ. ತುದಿಗಾಲಲ್ಲಿ ಹತ್ತಿದರೆ ಮೀನಖಂಡ ಮೊದಲು ಸೋಲುತ್ತದೆ.

ಅಲ್ಲಿಂದಾಚೆ ಉಳಿಯುವುದು 7 ನಿಮಿಷ 20 ಸೆಕೆಂಡು. ಪ್ರತಿ ಎರಡು ಕೆಲಸಗಳ ನಡುವೆ 85 ಅಡಿ ನಡಿಗೆ, ಸುಮಾರು 20 ಸೆಕೆಂಡು. ಓಡಕೂಡದು. ಏಳು ನಡಿಗೆಗೆ ಹೆಚ್ಚುಕಡಿಮೆ 2 ನಿಮಿಷ 20 ಸೆಕೆಂಡು ಹೋದರೆ ಏಳು ಕೆಲಸಗಳಿಗೆ ಕೈಯಲ್ಲಿರುವುದು ಐದು ನಿಮಿಷ. ಉಸಿರು ಹಿಂದಕ್ಕೆ ಪಡೆಯಬೇಕಾದ್ದು ಈ ನಡಿಗೆಯಲ್ಲೇ. ಕೆಲಸದ ಮಧ್ಯೆ ನಿಂತರೆ ಲೆಕ್ಕ ತಪ್ಪುತ್ತದೆ.

ಎರಡನೆಯದು ಹೋಸು ಎಳೆಯುವುದು: ಹೋಸಿನ ತುದಿಯ ನಾಜಲ್ ಹೆಗಲ ಮೇಲೆ ಹಾಕಿಕೊಂಡು 75 ಅಡಿ, ಡ್ರಮ್ಮು ಸುತ್ತಿ ಇನ್ನೂ 25 ಅಡಿ. ಇಲ್ಲಿ ಮಾತ್ರ ಓಡಬಹುದು, ಓಡಿ. ಆಮೇಲೆ ಮಂಡಿಯೂರಿ 50 ಅಡಿಯ ಗುರುತು ಬರುವವರೆಗೆ ಹೋಸನ್ನು ನಿಮ್ಮತ್ತ ಎಳೆದುಕೊಳ್ಳಬೇಕು. ಮಂಡಿ ಎದ್ದರೆ ಎಚ್ಚರಿಕೆ. ಮೂರನೆಯದು ಎರಡು ಗರಗಸ ಯಂತ್ರಗಳನ್ನು ಎರಡು ಕೈಯಲ್ಲಿ ಹಿಡಿದು 75 ಅಡಿ ಹೋಗಿ ಬರುವುದು. ಬೇಕಾದರೆ ನೆಲಕ್ಕಿಟ್ಟು ಹಿಡಿತ ಸರಿಮಾಡಿಕೊಳ್ಳಬಹುದು, ಕೈಜಾರಿ ಬಿದ್ದರೆ ಫೇಲು.

ನಾಲ್ಕನೆಯದು 24 ಅಡಿಯ ಏಣಿ. ಒಂದೊಂದೇ ಮೆಟ್ಟಿಲು ಹಿಡಿದು ಎತ್ತಬೇಕು. ಎತ್ತರದವರನ್ನು ನೋಡಿ ನೀವೂ ಮೆಟ್ಟಿಲು ಹಾರಿಸಬೇಡಿ: ಒಂದು ಎಚ್ಚರಿಕೆ, ಎರಡನೆಯದಕ್ಕೆ ಹೊರಗೆ. ಪಕ್ಕದ ಇನ್ನೊಂದು ಏಣಿಯ ಹಗ್ಗ ಎಳೆದು ಮೇಲಿನ ಭಾಗವನ್ನು ಏರಿಸಿ ಮತ್ತೆ ಇಳಿಸಬೇಕು. ಏರಿಸುವಾಗ ಸೋತವರು ಕಡಿಮೆ, ಇಳಿಸುವಾಗ ಹಗ್ಗ ಸರ್ರನೆ ಜಾರಿ ಸೋತವರೇ ಜಾಸ್ತಿ. ಐದನೆಯದರಲ್ಲಿ 10 ಪೌಂಡಿನ ಸುತ್ತಿಗೆಯಿಂದ ಗುರಿಗೆ ಹೊಡೆಯುತ್ತಾ ಬಜರ್ ಕೂಗಿಸಬೇಕು. ತೋಳಿನಿಂದಲ್ಲ, ಸೊಂಟ ತಿರುಗಿಸಿ ಹೊಡೆಯಿರಿ. ಆರನೆಯದು 64 ಅಡಿಯ ಕತ್ತಲ ಸುರಂಗ. ಸಣ್ಣ ಮೈಕಟ್ಟಿನವರಿಗೆ ಇಲ್ಲಿ ಲಾಭ, ಕಳೆದ ಹೊತ್ತನ್ನು ಇಲ್ಲಿ ಗಳಿಸಿಕೊಳ್ಳಬಹುದು.

ಏಳನೆಯದು 165 ಪೌಂಡಿನ (75 ಕಿಲೋ) ಬೊಂಬೆಯನ್ನು 35 ಅಡಿ ಎಳೆದು, ಡ್ರಮ್ಮು ಸುತ್ತಿ, ಮತ್ತೆ 35 ಅಡಿ ತರುವುದು. ಸೊಂಟ ತಗ್ಗಿಸಿ, ತೋಳು ನೇರ ಚಾಚಿ, ಮೈಯ ಭಾರವನ್ನೇ ಹಿಂದಕ್ಕೆ ಹಾಕಿ ಪುಟ್ಟ ಪುಟ್ಟ ಹೆಜ್ಜೆಯಿಡಿ. ನಿಲ್ಲಬೇಡಿ. ನಿಂತ ಬೊಂಬೆಯನ್ನು ಮತ್ತೆ ಕದಲಿಸಲು ಬೇಕಾದ ಬಲ, ಸಾಗುತ್ತಿರುವ ಬೊಂಬೆಯನ್ನು ಎಳೆಯಲು ಬೇಕಾದ್ದಕ್ಕಿಂತ ಹೆಚ್ಚು. ತೋಳು ಮಡಿಸಿ ಎಳೆದವರ ತೋಳು, ಎಂಟನೆಯ ಕೆಲಸಕ್ಕೆ ಬರುವಷ್ಟರಲ್ಲಿ ಖಾಲಿ. ಆ ಎಂಟನೆಯದು ಪೈಕ್ ಪೋಲ್, ಅಂದರೆ ತುದಿಯಲ್ಲಿ ಕೊಕ್ಕೆಯಿರುವ ಉದ್ದ ಕೋಲು: ತಲೆಯ ಮೇಲಿನ 60 ಪೌಂಡಿನ ಕದವನ್ನು ಮೂರು ಸಲ ತಳ್ಳಿ, 80 ಪೌಂಡಿನ ತೂಕವನ್ನು ಐದು ಸಲ ಎಳೆದರೆ ಒಂದು ಸುತ್ತು; ಹೀಗೆ ನಾಲ್ಕು ಸುತ್ತು, ಒಟ್ಟು 32 ಸಲ. ತಳ್ಳುವಾಗ ಮಂಡಿ ಬಗ್ಗಿಸಿ ಕಾಲಿನಿಂದ ಮೇಲೇಳಿ, ಎಳೆಯುವಾಗ ಕೋಲಿಗೆ ಜೋತುಬೀಳಿ.

ಇಷ್ಟೆಲ್ಲದರ ನಡುವೆ ಬಹಳ ಜನ ಕಳೆದುಕೊಳ್ಳುವ ಒಂದು ಹಕ್ಕಿದೆ. ಸಮಾನ ಉದ್ಯೋಗಾವಕಾಶ ಆಯೋಗದೊಂದಿಗೆ 2006ರಲ್ಲಿ ಆದ ಒಪ್ಪಂದದ ಪ್ರಕಾರ, ಪರೀಕ್ಷೆಗೆ ಮುಂಚಿನ ಎಂಟು ವಾರಗಳಲ್ಲಿ ಕನಿಷ್ಠ ಎರಡು ಪರಿಚಯ ತರಗತಿಗಳನ್ನು, ಕೊನೆಯ 30 ದಿನಗಳಲ್ಲಿ ಗಡಿಯಾರ ಹಿಡಿದು ಎರಡು ಪೂರ್ಣ ಅಭ್ಯಾಸಗಳನ್ನು ಅಭ್ಯರ್ಥಿಗೆ ಕೊಡಬೇಕು. ಇವು ಬೇಡವೆಂದು ಸಹಿ ಹಾಕುವ ಕಾಗದವೊಂದನ್ನೂ ಮುಂದಿಡುತ್ತಾರೆ. ರಜೆ ಸಿಗಲಿಲ್ಲ, ದೂರ ಎಂದು ಅದಕ್ಕೆ ಸಹಿ ಹಾಕಬೇಡಿ. ಯಂತ್ರವನ್ನು ಮೊದಲ ಸಲ ಪರೀಕ್ಷೆಯ ದಿನವೇ ಕಂಡವರು ಬಲವಿದ್ದೂ ಸೋಲುತ್ತಾರೆ.

ಹಂತ 3: ಹನ್ನೆರಡು ವಾರದ ತಯಾರಿ

ಮೊದಲ ನಾಲ್ಕು ವಾರ ವಾರಕ್ಕೆ ಮೂರು ದಿನ ಬರೀ ಬಲ: ಡೆಡ್‌ಲಿಫ್ಟ್, ಎತ್ತರದ ಪೆಟ್ಟಿಗೆ ಹತ್ತಿ ಇಳಿಯುವುದು, ರೋಯಿಂಗ್, ತಲೆಯ ಮೇಲಕ್ಕೆ ಭಾರ ಒತ್ತುವುದು, ಎರಡು ಕೈಯಲ್ಲೂ ಭಾರ ಹಿಡಿದು ನಡೆಯುವುದು. ಕೊನೆಯದನ್ನು ಬಿಡಬೇಡಿ, ಈ ಕೆಲಸದಲ್ಲಿ ಮುಷ್ಟಿಯೇ ಮೊದಲು ಕೈಕೊಡುವ ಅಂಗ. ಐದನೇ ವಾರದಿಂದ 20 ಪೌಂಡಿನ ಜಾಕೆಟ್ಟು ಹಾಕಿ ಮೆಟ್ಟಿಲು ಹತ್ತಿ, ವಾರಕ್ಕೆ 5ರಿಂದ 10 ಪೌಂಡು ಏರಿಸಿ. ಕೊನೆಯ ನಾಲ್ಕು ವಾರ ಎಂಟೂ ಕೆಲಸಗಳನ್ನು ಅದೇ ಕ್ರಮದಲ್ಲಿ, ನಡುವೆ 20 ಸೆಕೆಂಡು ನಡೆದು ಮಾಡಿ. 165 ಪೌಂಡಿನ ಡೆಡ್‌ಲಿಫ್ಟ್ ಮೂರ್ನಾಲ್ಕು ಸಲ ಎತ್ತುವಂತಾದರೆ ಬೊಂಬೆಯ ಭಯ ತಾನಾಗಿ ಹೋಗುತ್ತದೆ.

ಸಸ್ಯಾಹಾರಿ ಮನೆಯ ಹುಡುಗಿಯರು ಊಟದ ಲೆಕ್ಕ ನೋಡಿಕೊಳ್ಳಲೇಬೇಕು. ಮೈತೂಕದ ಕಿಲೋಗೆ 1.6 ಗ್ರಾಂ ಪ್ರೋಟೀನ್ ಎಂದರೆ 60 ಕಿಲೋದವರಿಗೆ ದಿನಕ್ಕೆ 96 ಗ್ರಾಂ. ಅನ್ನ-ಸಾರಿನಲ್ಲಿ ಅದು ಬರುವುದಿಲ್ಲ. ಮೊಸರು, ಪನ್ನೀರು, ಸೋಯಾ, ಹುರುಳಿ, ಕಡಲೆಕಾಳು ಪ್ರತಿ ಹೊತ್ತಿಗೂ ತಟ್ಟೆಯಲ್ಲಿರಲಿ. ಶುರುವಿನಲ್ಲೇ ರಕ್ತದ ಫೆರಿಟಿನ್ ಪರೀಕ್ಷೆ ಮಾಡಿಸಿ. ಕಬ್ಬಿಣದಂಶ ಕಡಿಮೆಯಿದ್ದರೆ ಎಷ್ಟು ಹತ್ತಿದರೂ ದಮ್ಮು ಕಟ್ಟುವುದು ನಿಲ್ಲುವುದಿಲ್ಲ, ತಪ್ಪು ಮಾತ್ರ ಅಭ್ಯಾಸದ ಮೇಲೆ ಬೀಳುತ್ತದೆ.

ಹಂತ 4: ಕೆಲಸ ಒಪ್ಪುವ ಮುನ್ನ ಉಡುಪಿನ ಮಾತು

ದಳ ನಿಜಕ್ಕೂ ಹೆಂಗಸರಿಗೆ ಸಿದ್ಧವಾಗಿದೆಯೋ, ಬರೀ ಪೋಸ್ಟರ್ ಅಂಟಿಸಿದೆಯೋ ಎಂದು ತಿಳಿಯಲು ಒಂದೇ ಪ್ರಶ್ನೆ ಸಾಕು: ‘ನನ್ನ ಅಳತೆ ಯಾವಾಗ ತೆಗೆದುಕೊಳ್ಳುತ್ತೀರಿ?’ ಅಳತೆ ಕೊಟ್ಟು ಹೊಲಿಸುವ ಬೆಂಕಿ ಉಡುಪು ಬರಲು ತಿಂಗಳುಗಳೇ ಹಿಡಿಯಬಹುದು. ಅಕಾಡೆಮಿ (ದಳದ ತರಬೇತಿ ಶಾಲೆ) ಶುರುವಾದ ಮೇಲೆ ಅಳೆದರೆ ತರಬೇತಿಯಿಡೀ ಯಾರದೋ ಹಳೆಯ ಕೋಟಿನಲ್ಲಿ ಕಳೆಯಬೇಕಾಗುತ್ತದೆ. ಎದೆ, ತೋಳು, ಬೆನ್ನಿನ ಉದ್ದ, ಸೊಂಟ, ಪೃಷ್ಠ, ಒಳಗಾಲು, ಎಲ್ಲವನ್ನೂ ಟೇಪು ಹಿಡಿದು ಅಳೆಯಬೇಕು. ಗಂಡಸರ ‘ಸ್ಮಾಲ್’ ಹೆಂಗಸರ ಅಳತೆಯಲ್ಲ. ಸೊಂಟಕ್ಕೆ ಸರಿಹೊಂದಿದ ಪ್ಯಾಂಟು ಪೃಷ್ಠದಲ್ಲಿ ಬಿಗಿದು ಲಾರಿಯ ಮೆಟ್ಟಿಲು ಹತ್ತಲು ಬಿಡುವುದಿಲ್ಲ.

ಇದು ಅಂದಚೆಂದದ ಮಾತಲ್ಲ. ಕೋಟಿನ ಪದರಗಳ ನಡುವಿನ ಗಾಳಿಯೇ ಬಿಸಿಯನ್ನು ತಡೆಯುವುದು. ಬಟ್ಟೆ ಮೈಗೆ ಒತ್ತಿಕೊಂಡ ಜಾಗದಲ್ಲಿ ಆ ಗಾಳಿ ಇರದು, ಅಲ್ಲೇ ಸುಡುತ್ತದೆ. ತೀರಾ ದೊಡ್ಡದಾದರೆ ಇಕ್ಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ, ತೋಳು ಎತ್ತಿದಾಗ ಹೊಟ್ಟೆ ಬರಿದಾಗುತ್ತದೆ.

ಉಡುಪು ಬಂದ ದಿನ ಕನ್ನಡಿಯ ಮುಂದೆ ನಿಂತರೆ ಸಾಲದು. ಎರಡೂ ಕೈ ತಲೆಯ ಮೇಲೆತ್ತಿ ಮುಂದಕ್ಕೆ, ಹಿಂದಕ್ಕೆ, ಪಕ್ಕಕ್ಕೆ ಬಾಗಿ: ಕೋಟು ಪ್ಯಾಂಟಿನ ಮೇಲೆ ಎಲ್ಲ ಪದರಗಳೂ ಸೇರಿ ಕನಿಷ್ಠ 2 ಇಂಚು ಹೊದ್ದಿರಬೇಕು. ಮಂಡಿಯೂರಿ ಹತ್ತು ಮೀಟರು ತೆವಳಿ: ಮಂಡಿಯ ದಪ್ಪ ಪಟ್ಟಿ ಮಂಡಿಯ ಮೇಲೇ ನಿಲ್ಲುತ್ತದೆಯೇ? ಗ್ಲೌಸು ಹಾಕಿ ರೇಡಿಯೋ ಬಟನ್ ಒತ್ತಿ, ನೆಲದ ಮೇಲಿನ ಬೋಲ್ಟು ಎತ್ತಿ. ಬೆರಳ ತುದಿಯಲ್ಲಿ ಖಾಲಿ ಜಾಗ ಉಳಿದರೆ ಹಗ್ಗ ಹಿಡಿಯುವಾಗ ಮುಷ್ಟಿಯ ಅರ್ಧ ಬಲ ಗ್ಲೌಸಿಗೇ ಹೋಗುತ್ತದೆ. ಹೊಂದದಿದ್ದರೆ ಅಂದೇ ಬರವಣಿಗೆಯಲ್ಲಿ ತಿಳಿಸಿ.

ಮಾಸ್ಕು ಮುಖಕ್ಕೆ ಸೋರದಂತೆ ಕೂರುತ್ತದೆಯೇ ಎಂದು ನೋಡುವ ಫಿಟ್ ಟೆಸ್ಟ್ ವರ್ಷಕ್ಕೊಮ್ಮೆ ಕಾನೂನಿನಂತೆ ಕಡ್ಡಾಯ. ಯಂತ್ರದಲ್ಲಿ ಅಳೆದಾಗ ಪೂರ್ಣ ಮುಖದ ಮಾಸ್ಕಿಗೆ ಕನಿಷ್ಠ 500 ಬರಬೇಕು, ಅಂದರೆ ಹೊರಗಿನ ಕಣಗಳು ಒಳಗಿನವಕ್ಕಿಂತ 500 ಪಟ್ಟಾದರೂ ಇರಬೇಕು. ಬರದಿದ್ದರೆ ಚಿಕ್ಕ ಗಾತ್ರ ಕೇಳಿ, ಪಟ್ಟಿ ಬಿಗಿದು ಒಪ್ಪಿಸಬೇಡಿ. ಗಾಳಿ ಸಿಲಿಂಡರಿನ ಸೊಂಟದ ಪಟ್ಟಿಯನ್ನು ಮೊದಲು ಬಿಗಿದು ಆಮೇಲೆ ಭುಜದ ಪಟ್ಟಿ ಎಳೆಯಿರಿ. ಭಾರ ಸೊಂಟದ ಮೇಲೆ ಕೂರಬೇಕು. ಕೂದಲನ್ನು ಜಡೆ ಹೆಣೆದು ಕೋಟಿನೊಳಗೆ ಬಿಡುವುದು ಒಳ್ಳೆಯದು. ಹಿಂದಲೆಯ ತುರುಬು ಹೆಲ್ಮೆಟ್ಟನ್ನು ಕಣ್ಣಿನ ಮೇಲಕ್ಕೆ ತಳ್ಳುತ್ತದೆ, ಮಾಸ್ಕಿನ ಅಂಚಿಗೆ ಸಿಕ್ಕ ಒಂದೆರಡು ಎಳೆ ಕೂಡ ಗಾಳಿ ಸೋರಿಸುತ್ತದೆ. ಲೋಹದ ಕ್ಲಿಪ್ಪು ಬೇಡ, ಬಿಸಿಯಾಗುತ್ತದೆ.

ಸ್ಟೇಷನ್ನನ್ನೂ ಒಂದು ಸಲ ಸುತ್ತಿ ನೋಡಿ. ಮಲಗುವ ಕೋಣೆಗೆ ಮರೆಯಿದೆಯೇ, ಸ್ನಾನದ ಮನೆಗೆ ಒಳಗಿನಿಂದ ಚಿಲಕವಿದೆಯೇ? ಅಡುಗೆ ಎಲ್ಲರೂ ಕೂಡಿ ಮಾಡುತ್ತಾರೆ, ಖರ್ಚು ಹಂಚಿಕೊಳ್ಳುತ್ತಾರೆ. ಮಾಂಸ ತಿನ್ನದವರು ಮೊದಲ ವಾರವೇ ಹೇಳಿ, ಒಂದು ದಿನ ತಾವೇ ಎಲ್ಲರಿಗೂ ಅಡುಗೆ ಮಾಡಿ ಬಡಿಸಿದರೆ ಆ ವಿಷಯ ಅಲ್ಲಿಗೆ ಮುಗಿಯುತ್ತದೆ.

ಹಂತ 5: ಅಕಾಡೆಮಿ ಮತ್ತು ಪ್ರೊಬೇಷನ್

ಅಕಾಡೆಮಿಯಲ್ಲಿ ಕಲಿಸುವವರು ತಮ್ಮ ಎತ್ತರಕ್ಕೆ, ತಮ್ಮ ಮೈಗೆ ಒಗ್ಗಿದ ವಿಧಾನವನ್ನೇ ತೋರಿಸುತ್ತಾರೆ. ‘ಗಿಡ್ಡವರು ಈ ಏಣಿಯನ್ನು ಹೇಗೆ ಎತ್ತುತ್ತಾರೆ?’ ಎಂದು ಕೇಳಲು ಸಂಕೋಚ ಬೇಡ. ಗಿಡ್ಡ ಗಂಡಸರಿಗೂ ಅದೇ ಉತ್ತರ ಬೇಕಿರುತ್ತದೆ.

ಪ್ರೊಬೇಷನ್ ಸಾಮಾನ್ಯವಾಗಿ 12ರಿಂದ 18 ತಿಂಗಳು. ಈ ಅವಧಿಯಲ್ಲಿ ಕೆಲಸದಿಂದ ತೆಗೆಯುವುದು ದಳಕ್ಕೆ ಬಹಳ ಸುಲಭ, ಆದ್ದರಿಂದ ಕಾಗದಪತ್ರವೇ ರಕ್ಷೆ. ಪ್ರತಿ ಪಾಳಿಯಲ್ಲಿ ಮಾಡಿದ ತರಬೇತಿ, ಯಾರು ನೋಡಿದರು, ಎಷ್ಟು ಸಮಯ ಹಿಡಿಯಿತು ಎಂದು ಬರೆದಿಡಿ. ಮೌಲ್ಯಮಾಪನದಲ್ಲಿ ‘ಆತ್ಮವಿಶ್ವಾಸ ಸಾಲದು’ ಎಂಬಂಥ ಸಾಲು ಬಂದರೆ ಸುಮ್ಮನೆ ತಲೆಯಾಡಿಸಬೇಡಿ. ಯಾವ ಕೆಲಸದಲ್ಲಿ, ಎಂದು, ಯಾವ ಅಳತೆಗೆ ಕಡಿಮೆಯಾಯಿತು ಎಂದು ಕೇಳಿ, ಉತ್ತರವನ್ನು ಬರೆಸಿಕೊಳ್ಳಿ. ಅಳೆಯಲಾಗದ ಟೀಕೆಯನ್ನು ತಿದ್ದಿಕೊಳ್ಳಲೂ ಆಗುವುದಿಲ್ಲ.

ಕಿರುಕುಳವಾದರೆ ಸಂಘದ ಪ್ರತಿನಿಧಿಗೂ ಮೇಲಧಿಕಾರಿಗೂ ಲಿಖಿತವಾಗಿ ತಿಳಿಸಿ. ಸಮಾನ ಉದ್ಯೋಗಾವಕಾಶ ಆಯೋಗಕ್ಕೆ ದೂರು ಕೊಡುವ ಗಡುವು 180 ದಿನ; ರಾಜ್ಯದಲ್ಲಿ ಅಂಥದ್ದೇ ಸಂಸ್ಥೆಯಿದ್ದರೆ 300 ದಿನ. ಒಳಗಿನ ವಿಚಾರಣೆ ನಡೆಯುತ್ತಿದೆ ಎಂದ ಮಾತ್ರಕ್ಕೆ ಈ ಗಡುವು ನಿಲ್ಲುವುದಿಲ್ಲ. ಒಳ್ಳೆಯ ಪ್ರಕರಣಗಳೂ ಬಿದ್ದುಹೋಗುವುದು ಇಲ್ಲೇ.

ಹಂತ 6: ಬಸಿರು, ಬಾಣಂತನ

ಬಸುರಿಯೆಂದು ತಿಳಿದೊಡನೆ ದಳವೇ ನಿಮ್ಮನ್ನು ಬೆಂಕಿ ಕೆಲಸದಿಂದ ಬಲವಂತವಾಗಿ ಇಳಿಸುವಂತಿಲ್ಲ. ಹುಟ್ಟಲಿರುವ ಮಗುವಿನ ರಕ್ಷಣೆಯ ಹೆಸರಿನಲ್ಲಿ ಹೆಂಗಸರನ್ನು ಕೆಲಸದಿಂದ ಹೊರಗಿಡುವುದು ತಾರತಮ್ಯವೆಂದು ಸುಪ್ರೀಂ ಕೋರ್ಟು 1991ರಲ್ಲೇ ಹೇಳಿದೆ. ಆದರೆ ನೀವಾಗಿ ಬೇರೆ ಕೆಲಸ ಕೇಳಬಹುದು, ಬೇಗ ಕೇಳುವುದೇ ಜಾಣತನ: ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಮಾಸು ದಾಟಿ ಮಗುವನ್ನು ಮುಟ್ಟುತ್ತದೆ, ಮೈಯ ಅತಿಯಾದ ಕಾವೂ ಮೊದಲ ತಿಂಗಳುಗಳಲ್ಲಿ ಅಪಾಯ. 2023ರ ಜೂನ್‌ನಿಂದ ಜಾರಿಯಲ್ಲಿರುವ ಕಾನೂನಿನಂತೆ 15ಕ್ಕಿಂತ ಕಡಿಮೆಯಿಲ್ಲದ ನೌಕರರಿರುವ ಕಡೆ ಬಸುರಿಗೆ ತಕ್ಕ ಹೊಂದಾಣಿಕೆ ಮಾಡಿಕೊಡಲೇಬೇಕು. ಹೆರಿಗೆಯಾಗಿ ಒಂದು ವರ್ಷದವರೆಗೆ ಹಾಲು ತೆಗೆಯಲು ಬಿಡುವು ಮತ್ತು ಸ್ನಾನದ ಮನೆಯಲ್ಲದ ಮರೆಯ ಜಾಗ ಕೊಡಬೇಕು. 12 ವಾರಗಳ ಕುಟುಂಬ ರಜೆಗೆ ಸಂಬಳವಿಲ್ಲ, ಅದಕ್ಕೂ 12 ತಿಂಗಳ ಸೇವೆ, 1,250 ಗಂಟೆಗಳ ಕೆಲಸ ಆಗಿರಬೇಕು. ಹಾಗಾಗಿ ಸೇರಿದ ದಿನದಿಂದಲೇ ಕಾಯಿಲೆ ರಜೆ ಕೂಡಿಡಿ.

ಹಗುರ ಕೆಲಸದಲ್ಲಿ ಕಳೆದ ತಿಂಗಳುಗಳು ಬಡ್ತಿಯ ಸೇವಾವಧಿಗೆ ಸೇರುತ್ತವೆಯೇ ಎಂಬುದನ್ನು ಹೋಗುವ ಮುನ್ನವೇ ಕೇಳಿ ಬರೆಸಿಕೊಳ್ಳಿ.

ಹಂತ 7: ಬಡ್ತಿ

ಸಾಮಾನ್ಯ ಏಣಿ ಹೀಗಿದೆ: ಫೈರ್‌ಫೈಟರ್, ಚಾಲಕ-ಪಂಪ್ ಆಪರೇಟರ್, ಲೆಫ್ಟಿನೆಂಟ್, ಕ್ಯಾಪ್ಟನ್, ಬೆಟಾಲಿಯನ್ ಚೀಫ್. ಕ್ಯಾಲಿಫೋರ್ನಿಯಾದ ಟಿಬುರಾನ್ ಎಂಬ ಸಣ್ಣ ಊರಲ್ಲಿ ರೋಸ್‌ಮೇರಿ ಬ್ಲಿಸ್ 1993ರಲ್ಲಿ ದಳದ ಮುಖ್ಯಸ್ಥೆಯಾದರು, ಸ್ಯಾನ್ ಫ್ರಾನ್ಸಿಸ್ಕೋದಂಥ ದೊಡ್ಡ ನಗರದಲ್ಲಿ ಜೋಆನ್ ಹೇಯ್ಸ್-ವೈಟ್ 2004ರಲ್ಲಿ. ಆದರೆ ಹೆಂಗಸರ ಕೊರತೆ ಕಾಣುವುದು ತುದಿಯಲ್ಲಷ್ಟೇ ಅಲ್ಲ, ನಡುವಿನ ಮೆಟ್ಟಿಲುಗಳಲ್ಲೂ.

ಪಂಪಿನ ಕೆಲಸ ಬೇಗ ಕಲಿಯಿರಿ. ಅಲ್ಲಿ ತೋಳಿಗಿಂತ ಲೆಕ್ಕ ಮುಖ್ಯ. ಒಂದೂ ಮುಕ್ಕಾಲು ಇಂಚಿನ ಹೋಸಿನಲ್ಲಿ ನಿಮಿಷಕ್ಕೆ 150 ಗ್ಯಾಲನ್ ಹರಿಯುವಾಗ ಘರ್ಷಣೆಯಿಂದ ಆಗುವ ಒತ್ತಡದ ನಷ್ಟ ಎಷ್ಟು? ಈ ಗಾತ್ರದ ಹೋಸಿನ ಗುಣಾಂಕ 15.5, ನೂರು ಗ್ಯಾಲನ್‌ಗಳ ಲೆಕ್ಕದಲ್ಲಿ 1.5ರ ವರ್ಗ 2.25, ಗುಣಿಸಿದರೆ ಪ್ರತಿ 100 ಅಡಿಗೆ ಸುಮಾರು 35 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡು ಎಂಬ ಒತ್ತಡದ ಅಳತೆ). ಹೋಸು 200 ಅಡಿಯಿದ್ದರೆ 70, ನೀರನ್ನು ತುಂತುರಾಗಿ ಚಿಮ್ಮಿಸುವ ಫಾಗ್ ನಾಜಲ್‌ಗೆ 100, ಒಟ್ಟು 170. ಲಾರಿಯ ಪಕ್ಕ ನಿಂತು ಇದನ್ನು ಬಾಯಲ್ಲೇ ಹೇಳುವಂತಾಗಬೇಕು.

ಹೆಂಗಸರನ್ನು ಶಾಲಾ ಮಕ್ಕಳಿಗೆ ಪಾಠ ಹೇಳುವ, ಕಟ್ಟಡ ತಪಾಸಣೆ ಮಾಡುವ ಹಗಲು ಕೆಲಸಕ್ಕೆ ಕಳಿಸುವ ಅಭ್ಯಾಸ ಹಲವು ಕಡೆ ಇದೆ. ಮಕ್ಕಳು ಚಿಕ್ಕವರಿದ್ದಾಗ ಅದು ವರವೇ. ಆದರೂ ಎರಡು ವರ್ಷ ಮೀರಿದರೆ ‘ಬೆಂಕಿ ನೋಡಿಲ್ಲ’ ಎಂಬ ಮಾತು ಅಂಟಿಕೊಳ್ಳುತ್ತದೆ. ವಾಪಸು ಬರುವ ತಾರೀಕನ್ನು ಒಪ್ಪಿಗೆಯ ಕಾಗದದಲ್ಲೇ ಬರೆಸಿ. ಹಾಗೆಯೇ ಕ್ಯಾಪ್ಟನ್ ರಜೆಯಲ್ಲಿದ್ದಾಗ ಆ ಕುರ್ಚಿಯಲ್ಲಿ ಕೂರುವ ಪಾಳಿಗಳನ್ನು ಕೇಳಿ ಪಡೆಯಿರಿ, ಕೇಳಿದ ತಾರೀಕು, ಸಿಕ್ಕಿದ ತಾರೀಕು ಎರಡನ್ನೂ ಗುರುತು ಹಾಕಿಕೊಳ್ಳಿ.

ಕ್ಯಾಪ್ಟನ್ ಪರೀಕ್ಷೆಯಲ್ಲಿ ಲಿಖಿತ ಭಾಗವಲ್ಲದೆ ಅಣಕು ಬೆಂಕಿ, ಸಿಬ್ಬಂದಿಯೊಡನೆ ಕಷ್ಟದ ಮಾತುಕತೆ, ಕಡತ ವಿಲೇವಾರಿ, ಸಂದರ್ಶನ ಇರುತ್ತವೆ. ಅಣಕು ಬೆಂಕಿಯಲ್ಲಿ ಮೊದಲ ರೇಡಿಯೋ ಮಾತಿಗೇ ಹೆಚ್ಚು ಬೆಲೆ: ಯಾವ ಲಾರಿ ಬಂದಿದೆ, ಕಟ್ಟಡ ಎಂಥದ್ದು, ಎಷ್ಟು ಮಹಡಿ, ಹೊಗೆ ಎಲ್ಲಿಂದ, ನಾವು ಮಾಡುತ್ತಿರುವುದೇನು, ಮುಂದಿನ ಲಾರಿ ಏನು ಮಾಡಬೇಕು, ಕಮಾಂಡ್ ಯಾರದು. ಇದನ್ನು ಬೇರೆ ಬೇರೆ ಮನೆಗಳ ಫೋಟೋ ಇಟ್ಟುಕೊಂಡು ಅರ್ಧ ನಿಮಿಷದಲ್ಲಿ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಒತ್ತಡದಲ್ಲಿ ಎಲ್ಲರ ದನಿಯೂ ಮೇಲೇರುತ್ತದೆ. ಹೆಂಗಸರದ್ದು ಏರಿದರೆ ‘ಗಾಬರಿ’ ಎಂದು ಬರೆಯುವವರಿದ್ದಾರೆ. ಅದು ನ್ಯಾಯವಲ್ಲ, ಆದರೂ ಬಟನ್ ಒತ್ತುವ ಮೊದಲು ಒಂದು ದೀರ್ಘ ಉಸಿರು ಬಿಡುವ ರೂಢಿಯಿಂದ ಅಂಕ ಉಳಿಯುತ್ತದೆ.

ಫಲಿತಾಂಶದ ಪಟ್ಟಿಗೆ ಆಯುಷ್ಯವಿದೆ, ಹಲವು ಕಡೆ ಒಂದೆರಡು ವರ್ಷ. ಅದು ಮುಗಿದರೆ ಪರೀಕ್ಷೆ ಮತ್ತೆ ಮೊದಲಿನಿಂದ. ರ‍್ಯಾಂಕು ಕೆಳಗಿದ್ದರೆ ಅಂಕಪಟ್ಟಿ ಮತ್ತು ಪರೀಕ್ಷಕರ ಟಿಪ್ಪಣಿ ನೋಡಲು ಕೂಡಲೇ ಅರ್ಜಿ ಹಾಕಿ. ನೋಡಲು ಮತ್ತು ಆಕ್ಷೇಪಿಸಲು ಸಿಗುವುದು ಕೆಲವೇ ದಿನ. ಯಾವ ವಿಭಾಗದಲ್ಲಿ ಎಷ್ಟು ಹೋಯಿತೆಂದು ಬರೆದುಕೊಂಡು, ಹಿಂದಿನ ಸಲ ಪಾಸಾದ ಒಬ್ಬರೊಡನೆ ಕೂತು ಅದೇ ವಿಭಾಗವನ್ನು ಮತ್ತೆ ಮಾಡಿ ನೋಡಿ.